ಇರುವೆ ಮುತ್ತಿದ ಬೀಗಗಳು

ಜನವರಿ 9

ಪ್ರೀತಿಯ ಮೊಳೆ,

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದಾಳಲ್ಲ, ಅಕ್ಕನಿಗೆ ತಲೆ ಕೆಟ್ಟಿತೇ ಅಂದುಕೊಳ್ಳಬೇಡ. ನಮ್ಮ ಮನೆ ನಿನಗೆ ಗೊತ್ತಲ್ಲ, ಒಂದೂವರೆ ಕೋಣೆ. ಅಂಗಡಿಯಿಂದ ಮಾಡೋಣವೆಂದರೆ ಗಿರಾಕಿಗಳ ಕಿವಿ, ಮನೆಯಲ್ಲಿ ಬಚ್ಚಲಲ್ಲಿ ನಿಂತು ಪಿಸುಗುಟ್ಟಿದರೂ ಅಪ್ಪನ ಮಂಚಕ್ಕೆ ಕೇಳಿಸುತ್ತದೆ. ಮತ್ತೆ ಅಪ್ಪ ಈಗ ಮಂಚ ಬಿಟ್ಟು ಏಳುವುದೇ ಇಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ. ಅಂಗಡಿಯಲ್ಲಿ ಕೀ ಕತ್ತರಿಸುವ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ, ಹಾಳೆಯ ಮೇಲೆ ಹಿತ್ತಾಳೆ ಪುಡಿ ಇದ್ದರೆ ಕೊಡವಿಬಿಡು.

ಆ ದೊಡ್ಡ ಗೋದಾಮಿದೆಯಲ್ಲ, ಜನ ತಮ್ಮ ಹಳೆ ಸಾಮಾನು ಇಡುವುದಕ್ಕೆ ಸಣ್ಣ ಸಣ್ಣ ಕೋಣೆ ಬಾಡಿಗೆಗೆ ಹಿಡಿಯುವ ಜಾಗ? ಅಲ್ಲಿಯ ಬೀಗಗಳನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಅಪ್ಪನೇ ನೋಡಿಕೊಳ್ಳುತ್ತಿದ್ದ. ಹೋದ ತಿಂಗಳು ನೂರಾ ನಲವತ್ತನಾಲ್ಕು ಬಾಗಿಲಿಗೂ ನಂಬರ್ ಒತ್ತುವ ಬೀಗ ಬಂತು. ಹಳೆಯವನ್ನು ತೆಗೆಯುವುದಕ್ಕೂ ಅಪ್ಪನನ್ನೇ ಕರೆದರು. ಎರಡು ದಿನ ತೆಗೆದ. ‘ಇವನ್ನ ನೀವೇ ಇಟ್ಕೊಳ್ಳಿ, ನಮಗ್ಯಾಕೆ’ ಅಂದರಂತೆ. ಮೂರು ಗೋಣಿಚೀಲ ತುಂಬಾ ಬೀಗ ಹೊತ್ತುಕೊಂಡು ಬಂದು ಮೆಟ್ಟಿಲ ಕೆಳಗಿಟ್ಟ, ಕೈಕಾಲು ತೊಳೆದ, ಮಲಗಿದ.

ಅಂದಿನಿಂದ ಇಪ್ಪತ್ತಮೂರು ದಿನ. ಗೋಡೆ ಕಡೆ ಮುಖ. ಬಚ್ಚಲಿಗೆ ಹೋಗಲು ಏಳುತ್ತಾನೆ, ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು ತಿನ್ನುತ್ತಾನೆ, ಮತ್ತೆ ಮಲಗುತ್ತಾನೆ. ಅಳುವುದಿಲ್ಲ, ರೇಗುವುದಿಲ್ಲ. ರೇಗಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಡಾಕ್ಟರನ್ನು ಮನೆಗೇ ಕರೆಸಿದೆ. ಎಲ್ಲ ನೋಡಿ, ‘ಮೈಯಲ್ಲಿ ಏನೂ ಇಲ್ಲಮ್ಮ, ಮನಸ್ಸಿನ ಡಾಕ್ಟರಿಗೆ ತೋರ್ಸಿ’ ಅಂದರು. ಅಪ್ಪ ಗೋಡೆಗೇ ಉತ್ತರ ಕೊಟ್ಟ: ‘ನನ್ನ ಮನಸ್ಸಿಗೇನಾಗಿದೆ? ಸುಮ್ನೆ ಬಿಡಿ.’ ಅಮ್ಮ ಹೋದಾಗಲೂ ನಾಲ್ಕನೇ ದಿನಕ್ಕೆ ಅಂಗಡಿ ಬಾಗಿಲು ತೆಗೆದ ಮನುಷ್ಯ ಇವನು.

ನೀನು ಮನಸ್ಸಿನ ಓದು ಓದುತ್ತಿದ್ದೀಯ. ನಾಳೆ ಆಸ್ಪತ್ರೆಯಲ್ಲಿ ಕೂತು ರೋಗಿಗಳಿಗೆ ಧೈರ್ಯ ಹೇಳುವವಳು. ಮನುಷ್ಯ ಬೆಳಿಗ್ಗೆ ಯಾಕೆ ಏಳುತ್ತಾನೆ ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲಾದರೂ ಬರೆದಿದ್ದರೆ ನಕಲು ಮಾಡಿ ಕಳಿಸು. ನನಗೆ ಕೈಕಾಲೇ ಆಡುತ್ತಿಲ್ಲ.

ನಿನ್ನ ಅಕ್ಕ

*

ಜನವರಿ 17

ಅಕ್ಕಾ,

ನಿನ್ನ ಕಾಗದ ಓದಿ ಹಾಸ್ಟೆಲ್ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಹೊರಟು ಬಂದುಬಿಡೋಣ ಅನ್ನಿಸಿತು. ವಾರ್ಡಿನ ಹಾಜರಿ ಕಡಿಮೆಯಾದರೆ ಒಂದು ವರ್ಷವೇ ಹೋಗುತ್ತದೆ, ಅದು ಗೊತ್ತಾದರೆ ಅಪ್ಪ ಇನ್ನೂ ಕುಗ್ಗುತ್ತಾನೆ. ಹಾಗಾಗಿ ಬರದೆ, ಬರೆಯುತ್ತಿದ್ದೇನೆ.

ನಮ್ಮ ಮೊದಲ ಪಾಠದಲ್ಲೇ ಒಂದು ಚಿತ್ರವಿದೆ. ಮನುಷ್ಯನಿಗೆ ಬೇಕಾದದ್ದನ್ನೆಲ್ಲ ಐದು ಅಂತಸ್ತು ಮಾಡಿ ಬರೆದ ಗೋಪುರ. ತಳದಲ್ಲಿ ಊಟ, ನೀರು, ನಿದ್ದೆ. ಅದರ ಮೇಲೆ ಭದ್ರತೆ, ಅಂದರೆ ನಾಳೆಯ ಭಯವಿಲ್ಲದಿರುವುದು. ಮೂರನೆಯದು ನಮ್ಮವರು ಅನ್ನುವ ನಾಲ್ಕು ಜನ. ನಾಲ್ಕನೆಯದು ಮರ್ಯಾದೆ. ತುದಿಯಲ್ಲಿ, ತನ್ನೊಳಗೆ ಏನಿದೆಯೋ ಅದು ಪೂರ್ತಿ ಅರಳುವುದು. ಕೆಳಗಿನದು ತುಂಬದೆ ಮೇಲಿನದರ ಆಸೆ ಹುಟ್ಟುವುದಿಲ್ಲವಂತೆ. ‘ಇದನ್ನ ಏಣಿ ಅಂದ್ಕೋಬೇಡಿ, ಬದುಕು ಇಷ್ಟು ಅಚ್ಚುಕಟ್ಟಾಗಿರಲ್ಲ’ ಅಂತ ಮೇಡಂ ಅವತ್ತೇ ಎಚ್ಚರಿಸಿದರು. ಆದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ. ಕೆಳಗಿನಿಂದ ಒಂದೊಂದೇ ಅಂತಸ್ತು ಹತ್ತು. ಎಲ್ಲಿ ಕಾಲು ಜಾರಿತು ಅಂತ ಬರಿ, ಅಲ್ಲಿಂದ ಯೋಚಿಸೋಣ.

ಹೀಗೆಲ್ಲ ದೊಡ್ಡ ಮಾತು ಬರೆಯುತ್ತಿದ್ದೇನೆ, ನಾನಿನ್ನೂ ಮೊದಲ ವರ್ಷ ಅನ್ನುವುದು ನೆನಪಿರಲಿ.

ನಿನ್ನ ಮೊಳೆ

*

ಫೆಬ್ರವರಿ 11

ಮೊಳೆ,

ನಿನ್ನ ಗೋಪುರ ಹತ್ತಿ ಇಳಿದಾಯಿತು. ಸೊಂಟ ಮುರಿದದ್ದೊಂದೇ ಲಾಭ.

ಮೊದಲ ಅಂತಸ್ತಿಗೆ ಬಿಸಿ ಬಿಸಿ ಊಟ, ಎರಡು ಹೊತ್ತು ಹಾಲು, ಹೊಸ ಹಾಸಿಗೆ. ಹಳೆ ಹಾಸಿಗೆಯಲ್ಲಿ ಗೋಡೆ ಕಡೆ ಮಲಗುತ್ತಿದ್ದವನು ಹೊಸ ಹಾಸಿಗೆಯಲ್ಲೂ ಗೋಡೆ ಕಡೆಯೇ ಮಲಗಿದ. ಎರಡನೆಯದಕ್ಕೆ ಮಂಚದ ಪಕ್ಕ ಕೂತು, ‘ಅಂಗಡಿ ನಡೀತಿದೆ ಅಪ್ಪ, ಕೀ ಮಾಡಿಸ್ಕೊಳ್ಳೋರು ಬರ್ತಾನೇ ಇದಾರೆ, ನಿಂಗೇನೂ ಯೋಚನೆ ಬೇಡ’ ಅಂದೆ. ‘ಹೂಂ’ ಅಂದ. ನೀನಿಲ್ಲದೆಯೂ ನಡೆಯುತ್ತದೆ ಅಂತಲೇ ಹೇಳಿದ ಹಾಗಾಯಿತು ಅನ್ನುವುದು ನನಗೆ ಹೊಳೆದದ್ದು ಪಾತ್ರೆ ತೊಳೆಯುವಾಗ.

ಮೂರನೆಯದಕ್ಕೆ ಎದುರು ಮನೆಯ ಕಂಡಕ್ಟರ್ ಮಾವನನ್ನು ಕರೆದೆ. ಬಸ್ಸು ಬಿಟ್ಟು ಹತ್ತು ವರ್ಷವಾದರೂ ಅವರ ಗಂಟಲು ಇನ್ನೂ ಹಿಂದಿನ ಸೀಟಿಗೆ ಕೇಳಿಸುವ ಹಾಗೇ ಇದೆ. ಎರಡು ಗಂಟೆ ತಮ್ಮ ಮಂಡಿನೋವಿನ ಪುರಾಣ ಬಿಚ್ಚಿದರು. ಹೋಗುವಾಗ ಬಾಗಿಲಲ್ಲಿ ನಿಂತು ‘ನಿಮ್ಮಪ್ಪನ ಹತ್ರ ಮಾತಾಡಿ ಮನಸ್ಸು ಹಗುರಾಯ್ತು ಕಣಮ್ಮ’ ಅಂದರು. ಅಪ್ಪ ಒಂದು ಮಾತೂ ಆಡಿರಲಿಲ್ಲ.

ನಾಲ್ಕನೆಯದು ಮರ್ಯಾದೆ. ‘ಅಪ್ಪ, ಈ ಊರಲ್ಲಿ ನಿನ್ನಂಥ ಕೆಲಸಗಾರ ಇನ್ನೊಬ್ಬನಿಲ್ಲ’ ಅಂದೆ. ಅಪ್ಪ ಮೊದಲ ಸಲ ಈ ಕಡೆ ತಿರುಗಿದ. ‘ನಿಂಗೆ ಜ್ವರ ಏನಾದ್ರೂ ಬಂದಿದೆಯಾ?’ ಅಂತ ಕೇಳಿ ಮತ್ತೆ ಗೋಡೆಗೆ ತಿರುಗಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಐದನೇ ಅಂತಸ್ತಿಗೆ ಹೋಗಲಿಲ್ಲ.

ಅಕ್ಕ

*

ಫೆಬ್ರವರಿ 19

ಅಕ್ಕಾ,

ತಪ್ಪು ನಿನ್ನದಲ್ಲ. ನಾನು ಬೇರೆ ಪಾಠ ತೆಗೆದು ನೋಡಿದೆ. ಮನುಷ್ಯನನ್ನು ಒಳಗಿನಿಂದ ಎಬ್ಬಿಸುವುದು ಮೂರು ಅಂತ ಅಲ್ಲಿದೆ. ಇದು ನನ್ನ ಕೈಲಾಗುತ್ತದೆ ಅನ್ನುವ ನಂಬಿಕೆ, ಇದನ್ನು ನಾನೇ ಮನಸ್ಸು ಮಾಡಿ ಮಾಡುತ್ತಿದ್ದೇನೆ ಅನ್ನುವ ಭಾವ, ನನ್ನಿಂದ ಇನ್ನೊಬ್ಬರಿಗೆ ಉಪಯೋಗವಾಯಿತು ಅನ್ನುವ ನಂಟು. ಬಹುಮಾನ ಕೊಟ್ಟು, ಹೊಗಳಿ ಎಬ್ಬಿಸಲು ಹೋದರೆ ಇದ್ದ ಆಸೆಯೂ ಆರಿಹೋಗುತ್ತದಂತೆ. ನಾವು ಮಾಡಿದ್ದು ಅದನ್ನೇ.

ಅಪ್ಪನ ಕೈಗೆ ಕೆಲಸ ಬೇಕು ಅಕ್ಕ. ನೀನು ಕೊಟ್ಟ ಹಾಗಿರಬಾರದು. ಅದು ತಾನಾಗಿ ಬರಬೇಕು. ಯಾರಿಗಾದರೂ ನಿಜವಾಗಿ ಅಪ್ಪ ಬೇಕಾಗಿರಬೇಕು. ಇಷ್ಟು ಮಾತ್ರ ನನಗೆ ತೋಚುತ್ತಿದೆ.

ಮೊಳೆ

*

ಮಾರ್ಚ್ 6

ಮೊಳೆ,

ಅಪ್ಪ ಎದ್ದ! ನಾಲ್ಕು ದಿನವಾಯಿತು ಎದ್ದು. ನಂಬಿಕೆ ಬರಲಿ ಅಂತ ಇನ್ನೊಂದು ಸಲ ಬರೆಯುತ್ತೇನೆ, ಅಪ್ಪ ಎದ್ದ.

ಹೇಗೆ ಅಂತ ಹೇಳುತ್ತೇನೆ, ಬೈಯಬೇಡ. ಕೆಲಸ ತಾನಾಗಿ ಬರಬೇಕು ಅಂದೆ ನೀನು. ಈಗಿನ ಕಾಲದಲ್ಲಿ ಬೀಗ ಕೆಟ್ಟರೆ ಜನ ಎಸೆದು ಹೊಸದು ತರುತ್ತಾರೆ, ತಾನಾಗಿ ಎಲ್ಲಿಂದ ಬರಬೇಕು? ಮೆಟ್ಟಿಲ ಕೆಳಗಿನ ಮೂರು ಚೀಲ ಕಣ್ಣಿಗೆ ಬಿತ್ತು. ಒಂದು ಬೀಗ ತೆಗೆದುಕೊಂಡು, ಗಟ್ಟಿ ಸಕ್ಕರೆ ನೀರು ಕಾಯಿಸಿ ಕೀ ತೂತಿಗೆ ಹನಿ ಹನಿಯಾಗಿ ಬಿಟ್ಟು ಒಣಗಿಸಿದೆ. ಕೀ ಅರ್ಧಕ್ಕೇ ಕಚ್ಚಿಕೊಂಡು ನಿಂತಿತು. ಅದನ್ನು ಪಕ್ಕದ ಅಂಗಡಿಯ ಟೈಲರಮ್ಮನಿಗೆ ಕೊಟ್ಟು ಪಾಠ ಹೇಳಿಕೊಟ್ಟೆ. ಆ ಮಹಾತಾಯಿ ಸೀದಾ ಮನೆಗೆ ಬಂದು ಮಂಚದ ಕಾಲ ಬಳಿ ನಿಂತು, ‘ಅಣ್ಣಾ, ನನ್ನ ಬಟ್ಟೆ ಪೆಟ್ಟಿಗೆ ಬೀಗ ಹಿಡ್ಕೊಂಡ್ಬಿಟ್ಟಿದೆ, ನಾಳೆ ಕೊಡಬೇಕಾದ ಬಟ್ಟೆ ಎಲ್ಲ ಒಳಗಿದೆ, ನೀವೇ ಕಾಪಾಡ್ಬೇಕು’ ಅಂದಳು. ಬೀಗ ಕೈಯಲ್ಲಿದೆ, ಪೆಟ್ಟಿಗೆ ಅಂಗಡಿಯಲ್ಲಿದೆ, ಹಾಗಾದರೆ ಪೆಟ್ಟಿಗೆಯಿಂದ ಬೀಗ ಬಂದದ್ದು ಹೇಗೆ ಅಂತ ಅಪ್ಪ ಕೇಳಿಬಿಟ್ಟರೆ ಅಂತ ನನಗೆ ಬೆವರು ಕಿತ್ತು ಬಂತು. ಕೇಳಲಿಲ್ಲ. ಎದ್ದು ಕೂತು ಬೀಗ ಕೈಗೆ ತೆಗೆದುಕೊಂಡ. ಆಮೇಲೆ ‘ಆ ಸಣ್ಣ ಸ್ಕ್ರೂಡ್ರೈವರ್ ತಾ’ ಅಂದ.

ನಾನು ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದೆ. ಹಿಂಬದಿಯ ತಗಡು ಬಿಚ್ಚಿದ, ಒಳಗೆ ಇಣುಕಿದ, ಒಂದು ಸಲ ತಲೆ ಎತ್ತಿದ, ಮತ್ತೆ ಬಗ್ಗಿ ಕೆಲಸ ಮಾಡಿದ. ಮಾರನೇ ದಿನ ಆರು ಗಂಟೆಗೇ ಎದ್ದು ಕೂತಿದ್ದ. ಈಗ ಅಂಗಡಿಗೇ ಬರುತ್ತಿದ್ದಾನೆ. ಕಂಡಕ್ಟರ್ ಮಾವ, ಹಾಲಿನವನು, ಮೂಲೆಮನೆ ಟೀಚರ್, ಎಲ್ಲರನ್ನೂ ಈ ನಾಟಕದ ಕಂಪನಿಗೆ ಸೇರಿಸಿಕೊಂಡಿದ್ದೇನೆ. ನಿನ್ನ ಪುಸ್ತಕಕ್ಕೆ ನನ್ನದೊಂದು ದೊಡ್ಡ ನಮಸ್ಕಾರ.

ಅಕ್ಕ

*

ಮಾರ್ಚ್ 15

ಅಕ್ಕಾ, ನನ್ನ ಚಿನ್ನದಂಥ ಅಕ್ಕಾ,

ಕಾಗದ ಹಿಡಿದುಕೊಂಡು ಕುಣಿದುಬಿಟ್ಟೆ. ರೂಮಿನವಳು ಮದುವೆ ಗೊತ್ತಾಯಿತಾ ಅಂತ ಕೇಳಿದಳು.

ಒಂದು ತಪ್ಪೊಪ್ಪಿಗೆ ಇದೆ. ಇದನ್ನು ನಾನು ತರಗತಿಯಲ್ಲಿ ಹೇಳಿದೆ. ಯಾರು ಏನು ಅಂತ ಹೇಳದೆ, ‘ಒಬ್ಬ ಅರವತ್ತಾರು ವರ್ಷದ ಕುಶಲಕರ್ಮಿ’ ಅಂತ. ಎಲ್ಲರೂ ಚಪ್ಪಾಳೆ ಹೊಡೆದರು. ವರ್ಷದ ಕೊನೆಯ ಪ್ರಬಂಧಕ್ಕೆ ಇದನ್ನೇ ಬರೆಯುತ್ತಿದ್ದೇನೆ. ಬರೆಯಬಹುದಾ? ಮೇಡಂ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ‘ಎದ್ದ ಮೇಲೆ ಅವರು ನಗ್ತಾರಾ?’ ಅಂತ ಕೇಳಿದರು. ಅಪ್ಪ ನಗುತ್ತಾನಾ ಅಕ್ಕ?

ಮೊಳೆ

*

ಏಪ್ರಿಲ್ 24

ಮೊಳೆ,

ತಡವಾಯಿತು. ಪುರುಸೊತ್ತಿಲ್ಲ, ಬೀಗ ಕೆಡಿಸುವುದೇ ಒಂದು ಕೆಲಸವಾಗಿದೆ. ಪ್ರಬಂಧ ಬರಿ, ನನ್ನ ಅಡ್ಡಿಯೇನಿಲ್ಲ.

ಅಪ್ಪ ದಿನಾ ಏಳುತ್ತಾನೆ. ನಾನು ಕಣ್ಣು ಬಿಡುವ ಹೊತ್ತಿಗೆ ಮಂಚದ ಅಂಚಿನಲ್ಲಿ ಕೂತಿರುತ್ತಾನೆ, ಅಂಗಿ ಗುಂಡಿ ಹಾಕಿಕೊಂಡು. ಆದರೆ ಬಡವಾಗಿದ್ದಾನೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಜೋತಾಡುತ್ತದೆ. ಮೊದಲು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಬೀಗಕ್ಕೆ ಈಗ ಬೆಳಿಗ್ಗೆಯೆಲ್ಲ ಬೇಕು. ಮೊನ್ನೆ ಸ್ಪ್ರಿಂಗು ಸಿಡಿದು ಎಲ್ಲೋ ಹೋಯಿತು, ಅದನ್ನು ಹುಡುಕದೆ ಖಾಲಿ ಬೀಗ ಹಿಡಿದುಕೊಂಡು ಕೂತಿದ್ದ. ನಾನು ಹುಡುಕಿ ಕೊಟ್ಟೆ. ‘ಸಿಕ್ತಾ?’ ಅಂದ, ಸಿಗದಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ.

ಇನ್ನೊಂದು ಪೇಚು. ಸಕ್ಕರೆ ವಾಸನೆಗೆ ಬೀಗಗಳಿಗೆಲ್ಲ ಇರುವೆ ಮುತ್ತತೊಡಗಿತು. ಅಪ್ಪ ಭೂತಗನ್ನಡಿ ಹಿಡಿದು ನೋಡಿ, ‘ಈ ಬೀದಿ ಬೀಗಗಳಿಗೆಲ್ಲ ಸಿಹಿ ಹೆಚ್ಚಾಗಿದೆಯಲ್ಲೇ’ ಅಂದ. ನಾನು ಅದೇನೋ ಹೊಸ ಎಣ್ಣೆ ಬಂದಿದೆಯಂತೆ ಅಂತ ತೇಲಿಸಿಬಿಟ್ಟೆ. ಈಗ ಸಕ್ಕರೆ ಬಿಟ್ಟು ಸಣ್ಣ ಮರಳು ಹಾಕುತ್ತೇನೆ.

ಚೀಲಗಳಲ್ಲಿ ಕೀ ಸಮೇತ ಇದ್ದ ಬೀಗಗಳು ಕೆಲವೇ, ಅವು ಮುಗಿದವು ಮೊಳೆ. ಒಂದು ಸಲ ಹೋದ ಬೀಗವನ್ನೇ ಎರಡನೇ ಸಲ, ಮೂರನೇ ಸಲ ಕೆಡಿಸಿ ಬೇರೆಯವರ ಕೈಲಿ ಕಳಿಸುತ್ತಿದ್ದೇನೆ. ಹಾಲಿನವನಿಗೆ ಬೇಜಾರು ಬಂದಿದೆ, ‘ಅಕ್ಕ, ನಂದೊಂದೇ ಮನೆಗೆ ಎಷ್ಟು ಬೀಗ ಅಂತ ಅವ್ರು ಕೇಳಿದ್ರೆ?’ ಅನ್ನುತ್ತಾನೆ. ನಿಲ್ಲಿಸೋಣ ಅಂದರೆ ಹೆದರಿಕೆ. ಒಂದು ದಿನ ಬೀಗ ಬರದಿದ್ದರೆ ಮತ್ತೆ ಆ ಗೋಡೆ. ನಡೆಸಿದರೆ ಅಪ್ಪ ನನ್ನ ಕಣ್ಣೆದುರೇ ಸವೆಯುತ್ತಿದ್ದಾನೆ. ಏನು ಮಾಡಲಿ, ಹೇಳು.

ಅಕ್ಕ

*

ಮೇ 4

ಅಕ್ಕಾ,

ಮೂರು ಕಾಗದ ಬರೆದು ಹರಿದೆ. ನಿಲ್ಲಿಸು ಅನ್ನಲು ಧೈರ್ಯವಿಲ್ಲ, ನಡೆಸು ಅನ್ನಲು ಮನಸ್ಸಿಲ್ಲ. ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಮೇಡಂ ಹತ್ತಿರ ಹೇಳಿದರೆ, ‘ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಇದು ನಿಮ್ಮಿಬ್ಬರ ಕೈ ಮೀರಿದ್ದು’ ಅಂದರು. ಅಪ್ಪ ಒಪ್ಪುತ್ತಾನಾ? ಪರೀಕ್ಷೆ ಜೂನ್ ಹದಿನಾಲ್ಕಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಹೇಗಾದರೂ ತಳ್ಳು.

ನೀನು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಮೊಳೆ

*

ಮೇ 28

ಮೊಳೆಗೆ ಅಪ್ಪನ ಆಶೀರ್ವಾದ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ದೊಡ್ಡವಳು ಎಣ್ಣೆ ತರಲು ಹೋಗಿದ್ದಾಳೆ, ಬರುವಷ್ಟರಲ್ಲಿ ಮುಗಿಸಬೇಕು. ಟೈಲರಮ್ಮನ ಕೈಲಿ ಅಂಚೆಗೆ ಹಾಕಿಸುತ್ತೇನೆ.

ಬೀಗಗಳ ವಿಷಯ ನನಗೆ ಗೊತ್ತು. ಮೊದಲ ದಿನದಿಂದ ಗೊತ್ತು. ನಾನು ಬಿಚ್ಚಿದ ಪ್ರತಿ ಬೀಗಕ್ಕೂ ತಗಡಿನ ಒಳಮೈಯಲ್ಲಿ ಒಂದು ಚುಕ್ಕೆ ಕುಟ್ಟುತ್ತೇನೆ. ಎರಡನೇ ಸಲ ಬಂದರೆ ಎರಡನೇ ಚುಕ್ಕೆ. ನಮ್ಮ ಕೆಲಸ ಎಷ್ಟು ಸಲ ನಮ್ಮ ಕೈಗೇ ವಾಪಸು ಬಂತು ಅಂತ ನಮಗೆ ಗೊತ್ತಿರಲಿ ಅಂತ ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟದ್ದು. ದೊಡ್ಡವಳಿಗೆ ಇದು ತಿಳಿಯದು, ಅವಳು ಕೀ ಕತ್ತರಿಸುವವಳು, ಬೀಗದ ಹೊಟ್ಟೆ ಬಿಚ್ಚಿದವಳಲ್ಲ. ಟೈಲರಮ್ಮ ತಂದದ್ದು ಗೋದಾಮಿನ ಮೂವತ್ತೊಂದನೇ ಕೋಣೆಯ ಬೀಗ. ತಗಡು ಬಿಚ್ಚಿದರೆ ನನ್ನ ಚುಕ್ಕೆ, ಚುಕ್ಕೆಯ ಪಕ್ಕ ಸಕ್ಕರೆ. ತಲೆ ಎತ್ತಿದರೆ ಇವಳು ಬಾಗಿಲ ಸಂದಿನಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಸಣ್ಣವಳಿದ್ದಾಗ ಜ್ವರ ಅಳೆಯುವ ಕಡ್ಡಿ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದಳಲ್ಲ, ಹಾಗೆ. ಆ ಮುಖಕ್ಕೆ ಏನು ಹೇಳಲಿ? ತೊಳೆದು ಸರಿಮಾಡಿ ಕೊಟ್ಟೆ.

ಮಾರನೇ ದಿನ ಎದ್ದದ್ದು ಅವಳಿಗೋಸ್ಕರ. ಮೂರು ತಿಂಗಳಾಯಿತು, ಹಾಗೇ ಏಳುತ್ತಿದ್ದೇನೆ. ಅವಳಿಗೆ ಎಚ್ಚರವಾಗುವ ಮೊದಲು ನಾನು ಕೂತಿರಬೇಕು. ಒಂದು ಕಾಲು ನೆಲಕ್ಕಿಡಲು ನನಗೆ ಅರ್ಧ ಗಂಟೆ ಬೇಕು. ಅದು ಹೇಗಿರುತ್ತದೆ ಅಂತ ಹೇಳಲು ನನಗೆ ಬರುವುದಿಲ್ಲ. ಕೆಲವು ಬೀಗದಲ್ಲಿ ಕೀ ಸಲೀಸಾಗಿ ತಿರುಗುತ್ತದೆ, ಒಳಗೆ ಮಾತ್ರ ಏನೂ ಕದಲುವುದಿಲ್ಲ. ಹಾಗಿದ್ದೇನೆ.

ಇನ್ನು ನನ್ನ ಕೈಲಾಗುವುದಿಲ್ಲ ಮಗಾ. ಸಾಯುವ ಯೋಚನೆ ಏನಿಲ್ಲ, ಹೆದರಬೇಡ. ಸ್ವಲ್ಪ ದಿನ ಮಲಗಿರಬೇಕು. ಬಾಗಿಲ ಸಂದಿನಲ್ಲಿ ಯಾರೂ ನಿಂತಿರಬಾರದು. ನಾನೇ ಇದನ್ನು ಹೇಳಿದರೆ ದೊಡ್ಡವಳು ಕುಸಿದುಹೋಗುತ್ತಾಳೆ, ಅಷ್ಟು ಕಷ್ಟಪಟ್ಟಿದ್ದಾಳೆ. ನೀನು ಓದಿದವಳು, ನಿನ್ನ ಮಾತು ಕೇಳುತ್ತಾಳೆ. ಏನಾದರೂ ಒಂದು ಹೇಳಿ ನಿಲ್ಲಿಸು. ಬೇಕಾದರೆ ನೀನು ಬಂದಾಗ ಆ ಮನಸ್ಸಿನ ಡಾಕ್ಟರ ಹತ್ತಿರವೂ ಬರುತ್ತೇನೆ. ನನಗೆ ಗೊತ್ತಿತ್ತು ಅಂತ ಮಾತ್ರ ಅವಳಿಗೆ ಹೇಳಬೇಡ.

ಬಂದಳು.

ಅಪ್ಪ

*

ಜೂನ್ 5

ಅಕ್ಕಾ,

ಒಂದು ಮುಖ್ಯ ವಿಷಯ. ಲೈಬ್ರರಿಗೆ ಹೊಸ ಪುಸ್ತಕ ಬಂದಿದೆ. ಅದರಲ್ಲಿ ಆ ಗೋಪುರಕ್ಕೆ ಆರನೇ ಅಂತಸ್ತು ಸೇರಿಸಿದ್ದಾರೆ. ವಿಶ್ರಾಂತಿ. ಬಹಳ ವರ್ಷ ದುಡಿದವರಿಗೆ ಏನನ್ನೂ ಮಾಡದೆ ಇರುವುದೂ ಒಂದು ಅಗತ್ಯವಂತೆ, ಊಟ ನಿದ್ದೆಯಷ್ಟೇ ದೊಡ್ಡದಂತೆ. ಆ ಹೊತ್ತಿನಲ್ಲಿ ಯಾರೂ ಎಬ್ಬಿಸಬಾರದು, ಕೆಲಸ ಕೊಡಬಾರದು, ಎದ್ದರಾ ಅಂತ ಇಣುಕಿ ನೋಡಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಪುಟ ಇನ್ನೂರಾ ಹನ್ನೆರಡು.

ಅದಕ್ಕೇ ಬೀಗ ಕಳಿಸುವುದನ್ನು ನಾಳೆಯಿಂದಲೇ ನಿಲ್ಲಿಸು. ಅಪ್ಪ ಮಲಗಿದರೆ ಮಲಗಲಿ, ನೀನು ಸೋತೆ ಅಂತಲ್ಲ. ಹದಿನೈದಕ್ಕೆ ನಾನು ಬರುತ್ತೇನೆ. ಮೇಡಂ ಒಬ್ಬ ಡಾಕ್ಟರ ವಿಳಾಸ ಕೊಟ್ಟಿದ್ದಾರೆ, ಮೂವರೂ ಹೋಗೋಣ.

ಪ್ರಬಂಧ ವಾಪಸು ತೆಗೆದುಕೊಂಡೆ. ಬೇರೆ ವಿಷಯ ಬರೆಯುತ್ತೇನೆ.

ನಿನ್ನ ಮೊಳೆ

*

ಜೂನ್ 11

ಮೊಳೆ,

ನೀನು ಹೇಳಿದ ಹಾಗೆ ನಿಲ್ಲಿಸಿದೆ. ನಿನ್ನೆ ಬೀಗ ಬರದೆ ಅಪ್ಪ ಬೇಗ ಮನೆಗೆ ಹೋದ, ನಾನು ಬೀಗಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬುತ್ತಿದ್ದೆ. ಒಂದರ ತಗಡು ಸಡಿಲವಾಗಿತ್ತು, ಕೈಗೇ ಬಂತು. ಒಳಮೈಯಲ್ಲಿ ಐದು ಚುಕ್ಕೆ. ಒಂದು ಕಪ್ಪಾದದ್ದು, ನಾಲ್ಕು ಫಳಫಳ ಹೊಳೆಯುವಂಥವು. ಆ ಬೀಗವನ್ನು ನಾನು ನಾಲ್ಕು ಸಲ ಕೆಡಿಸಿದ್ದೆ, ಮೂತಿಯಲ್ಲಿ ಒಂದು ನೆಗ್ಗು ಇದೆ, ಗುರುತಿದೆ. ಇನ್ನೊಂದು ಬಿಚ್ಚಿದೆ. ಅದಕ್ಕೆ ಮೂರು. ಮಧ್ಯಾಹ್ನವೆಲ್ಲ ಅಂಗಡಿಯ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿ ನೋಡಿದೆ. ನಾನು ಎಷ್ಟು ಸಲ ಕೆಡಿಸಿದ್ದೆನೋ ಅಷ್ಟು ಹೊಳೆಯುವ ಚುಕ್ಕೆ, ಒಂದೂ ತಪ್ಪಿಲ್ಲ. ಅದೇ ಬೀಗ ಮತ್ತೆ ಮತ್ತೆ ಬರುವುದನ್ನು ಅಪ್ಪ ಎಣಿಸುತ್ತಲೇ ಇದ್ದ.

ಆರನೇ ಅಂತಸ್ತು ಕಟ್ಟಿದವಳು ನೀನೇ ಅಂತಲೂ ಆಗ ಗೊತ್ತಾಯಿತು. ಇಣುಕಿ ನೋಡಬಾರದು ಅಂತ ಯಾವ ಪುಸ್ತಕದಲ್ಲಿರುತ್ತದೆ? ಅಪ್ಪ ನಿನಗೆ ಬರೆದಿದ್ದಾನೆ ಅಲ್ಲವಾ? ಬೇಡ, ಹೇಳಬೇಡ. ನನಗೆ ಗೊತ್ತಾಯಿತು ಅಂತ ಅವನಿಗೂ ಹೇಳಬೇಡ.

ನೀನು ಮಾರ್ಚಿನಲ್ಲಿ ಕೇಳಿದ್ದೆ, ಅಪ್ಪ ನಗುತ್ತಾನಾ ಅಂತ. ಇಲ್ಲ. ಒಂದು ದಿನವೂ ನಗಲಿಲ್ಲ. ಅದು ನನಗೆ ಕಾಣುತ್ತಿತ್ತು. ಎದ್ದು ಕೂತಿದ್ದಾನಲ್ಲ, ಸಾಕು ಅಂದುಕೊಂಡೆ. ಅವನು ಮಂಚದ ಅಂಚಿನಲ್ಲಿ ಕೂತಿರುವುದನ್ನು ನೋಡದಿದ್ದರೆ ನನಗೇ ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ. ಅದನ್ನು ಈಗ ನಿನಗೊಬ್ಬಳಿಗೆ ಹೇಳುತ್ತಿದ್ದೇನೆ.

ಇವತ್ತು ಆರು ಗಂಟೆಗೆ ಎಚ್ಚರವಾಯಿತು. ಅಪ್ಪ ಮಲಗಿದ್ದ, ಗೋಡೆ ಕಡೆಗೇ. ನಿದ್ದೆ ಮಾಡುತ್ತಿಲ್ಲ ಅಂತ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ನಾನು ಏಳುತ್ತೇನಾ, ನೋಡುತ್ತೇನಾ ಅಂತ ಕಾಯುತ್ತಿದ್ದ. ನಾನು ಏಳಲಿಲ್ಲ. ನಾನೂ ಈಚೆ ಗೋಡೆಗೆ ತಿರುಗಿ ಮಲಗಿದೆ. ತುಂಬ ಹೊತ್ತಾದ ಮೇಲೆ ಅಪ್ಪನ ಗೊರಕೆ ಕೇಳಿಸಿತು. ಎಂಟು ಗಂಟೆಗೆ ಟೈಲರಮ್ಮ ಬಂದು ಬಾಗಿಲು ತಟ್ಟಿದಳು, ಅವಳ ಬಟ್ಟೆ ಪೆಟ್ಟಿಗೆಯ ಬೀಗ ಈಗ ನಿಜವಾಗಿ ಹಿಡಿದುಕೊಂಡಿದೆಯಂತೆ. ಅಂಗಡಿ ಇವತ್ತಿಲ್ಲ ಅಂತ ಹೇಳಿ ಕಳಿಸಿದೆ.

ಹದಿನೈದಕ್ಕೆ ಬಾ. ಪುಸ್ತಕ ತರಬೇಡ.

ಅಕ್ಕ